ಫ್ಲಾಸ್ಕ್‌ನಲ್ಲಿ ಒಂದು ಪುಟ್ಟ ಎಪಿಐ: ತಪ್ಪಾಗಿ ಕೇಳಿದವರಿಗೂ ನೆಟ್ಟಗೆ ಉತ್ತರ ಕೊಡುವಂಥದ್ದು

ಎಪಿಐ ಅಂದರೆ ಒಂದು ಪ್ರೋಗ್ರಾಮ್ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ದಾರಿ. ಬ್ಯಾಕೆಂಡ್ (ಸರ್ವರ್ ಕಡೆಯ ಕೋಡ್) ಕಲಿಯುತ್ತಿರುವವರ ಕೆಲಸ ಕೈಗೆ ಬಂದರೆ ನಾನು ಮೊದಲು ಸರಿಯಾದ ರಿಕ್ವೆಸ್ಟ್ (ಸರ್ವರ್‌ಗೆ ಕಳಿಸುವ ಕೋರಿಕೆ) ಕಳಿಸುವುದೇ ಇಲ್ಲ. ಇಲ್ಲದ ಐಡಿ ಕೇಳುತ್ತೇನೆ, ಖಾಲಿ ಬಾಡಿ (ರಿಕ್ವೆಸ್ಟ್ ಹೊತ್ತು ತರುವ ಡೇಟಾ) ಕಳಿಸುತ್ತೇನೆ, ಅಂಕಿ ಇರಬೇಕಾದ ಕಡೆ ಅಕ್ಷರ ತುರುಕುತ್ತೇನೆ. ನೆಟ್ಟಗೆ ಕೇಳಿದಾಗ ನೆಟ್ಟಗೆ ಉತ್ತರಿಸುವುದು ಯಾವ ಸರ್ವರ್‌ಗೂ ದೊಡ್ಡ ಮಾತಲ್ಲ. ಅಡ್ಡಾದಿಡ್ಡಿ ಕೇಳಿದಾಗ ಏನು ಹೇಳುತ್ತದೆ ಅನ್ನುವುದರಲ್ಲೇ ಬರೆದವರ ಕೈಗುಣ ಗೊತ್ತಾಗುವುದು. ಹಾಗಾಗಿ ಇಲ್ಲಿ ಇನ್‌ಸ್ಟಾಲ್ ಭಾಗವನ್ನು ಬೇಗ ಮುಗಿಸಿ, ತಪ್ಪುಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸಾಧನ, ಪೈಥಾನಿನಲ್ಲಿ ವೆಬ್ ಆ್ಯಪ್ ಬರೆಯಲು ನೆರವಾಗುವ ಫ್ಲಾಸ್ಕ್. 2010ರಲ್ಲಿ ಆರ್ಮಿನ್ ರೋನಾಖರ್ ಏಪ್ರಿಲ್ ಫೂಲ್ ತಮಾಷೆಗೆಂದು ಮಾಡಿದ ಒಂದೇ ಫೈಲಿನ ಫ್ರೇಮ್‌ವರ್ಕಿನಿಂದ ಇದು ಹುಟ್ಟಿಕೊಂಡಿತು. ಡೇಟಾಬೇಸ್, ಲಾಗಿನ್, ಅಡ್ಮಿನ್ ಪುಟ ಯಾವುದೂ ಇದರ ಜೊತೆ ಬರುವುದಿಲ್ಲ. ಕಲಿಯುವವರಿಗೆ ಅದೇ ಅನುಕೂಲ: ನೀವು ಬರೆಯದ್ದು ಯಾವುದೂ ಹಿಂದೆ ಅಡಗಿ ಕೂತಿರುವುದಿಲ್ಲ.

ಉದಾಹರಣೆಗೆ, ಸ್ನೇಹಿತರಿಗೆ ಎರವಲು ಕೊಟ್ಟ ಪುಸ್ತಕಗಳ ಪಟ್ಟಿ. ಪುಸ್ತಕದ ಹೆಸರು, ಯಾರಿಗೆ ಕೊಟ್ಟದ್ದು, ವಾಪಸ್ ಬಂತೋ ಇಲ್ಲವೋ, ಇಷ್ಟೇ. (ಮೂರನೆಯ ಕಾಲಂ ಬಹುಪಾಲು ‘ಇಲ್ಲ’ ಎಂದೇ ಇರುತ್ತದೆ, ಇರಲಿ.) ಎಡಿಟರ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ವಿಳಾಸಗಳನ್ನು ಬರೆದುಕೊಳ್ಳಿ. ‘/ಬುಕ್ಸ್’ ಇಡೀ ಪಟ್ಟಿಯ ವಿಳಾಸ, ‘/ಬುಕ್ಸ್/7’ ಒಂದು ಪುಸ್ತಕದ ವಿಳಾಸ. ಪ್ರತಿ ರಿಕ್ವೆಸ್ಟ್ ಜೊತೆ ಮೆಥಡ್ ಎಂಬ ಕ್ರಿಯಾಪದ ಬರುತ್ತದೆ: ಪಟ್ಟಿಗೆ ಗೆಟ್ ಬಂದರೆ ಓದುವುದು, ಪೋಸ್ಟ್ ಬಂದರೆ ಹೊಸದನ್ನು ಸೇರಿಸುವುದು. ಒಂದೇ ಪುಸ್ತಕಕ್ಕೆ ಗೆಟ್, ಪುಟ್ (ತಿದ್ದುವುದು), ಡಿಲೀಟ್ (ಅಳಿಸುವುದು). ‘/ಕ್ರಿಯೇಟ್‌ಬುಕ್’, ‘/ಡಿಲೀಟ್‌ಬುಕ್’ ಅಂತ ವಿಳಾಸದೊಳಗೆ ಕ್ರಿಯಾಪದ ಸೇರಿಸುವುದು ಬೇಡ. ಏನು ಮಾಡಬೇಕು ಅನ್ನುವುದನ್ನು ಮೆಥಡ್ ಆಗಲೇ ಹೇಳಿರುತ್ತದೆ. ವೆಬ್ ವಿನ್ಯಾಸದ ಈ ಶೈಲಿಗೆ ರೆಸ್ಟ್ ಎಂಬ ಹೆಸರನ್ನು 2000ದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಕೊಟ್ಟ ರಾಯ್ ಫೀಲ್ಡಿಂಗ್ ಅವರ ಎಲ್ಲ ನಿಯಮಗಳನ್ನೂ ಇಷ್ಟರಿಂದಲೇ ಪಾಲಿಸಿದಂತಾಗುವುದಿಲ್ಲ. ಆದರೆ ನಮ್ಮ ಕೆಲಸಕ್ಕೆ ಇಷ್ಟು ಸಾಕು.

ಒಂದು ಫೋಲ್ಡರ್ ಮಾಡಿ, ಪೈಥಾನಿನ ವರ್ಚುವಲ್ ಎನ್ವಿರಾನ್ಮೆಂಟ್ (ಈ ಕೆಲಸಕ್ಕಷ್ಟೇ ಮೀಸಲಾದ ಪ್ಯಾಕೇಜುಗಳ ಜಾಗ) ಹಾಕಿ, ಅದನ್ನು ಆ್ಯಕ್ಟಿವೇಟ್ ಮಾಡಿ, ಪ್ಯಾಕೇಜ್ ತಂದುಕೊಡುವ ಪಿಪ್ ಮೂಲಕ ಫ್ಲಾಸ್ಕ್ ಇಳಿಸಿಕೊಳ್ಳಿ. ‘ಆ್ಯಪ್.ಪಿವೈ’ ಎಂಬ ಫೈಲಿನಲ್ಲಿ ಫ್ಲಾಸ್ಕ್ ಇಂಪೋರ್ಟ್ ಮಾಡಿ ‘ಆ್ಯಪ್’ ಎಂಬ ಆಬ್ಜೆಕ್ಟ್ ಕಟ್ಟಿ. (ಕೋಡನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ.) ಒಂದು ಫಂಕ್ಷನ್ ಬರೆದು ಅದರ ತಲೆಯ ಮೇಲೆ ‘@ಆ್ಯಪ್.ಗೆಟ್("/ಬುಕ್ಸ್")’ ಎಂಬ ಡೆಕೊರೇಟರ್ (ಫಂಕ್ಷನ್‌ಗೆ ಅಂಟಿಸುವ ಸಾಲು) ಇಟ್ಟರೆ ಮೊದಲ ರೂಟ್, ಅಂದರೆ ವಿಳಾಸಕ್ಕೂ ಫಂಕ್ಷನ್‌ಗೂ ನಡುವಿನ ಕೊಂಡಿ, ಸಿದ್ಧ. ಈ ಚುಟುಕು ರೂಪ 2021ರ 2.0 ಆವೃತ್ತಿಯಲ್ಲಿ ಬಂತು. ಹಳೆಯ ಪಾಠಗಳಲ್ಲಿ ‘ಆ್ಯಪ್.ರೂಟ್’ ಬರೆದು ಪಕ್ಕದಲ್ಲಿ ಮೆಥಡ್‌ಗಳ ಲಿಸ್ಟ್ ಕೊಟ್ಟಿರುತ್ತಾರೆ, ಅದೂ ನಡೆಯುತ್ತದೆ. ಫಂಕ್ಷನ್ ಒಂದು ಡಿಕ್ಷನರಿ ಹಿಂದಿರುಗಿಸಿದರೆ ಫ್ಲಾಸ್ಕ್ ತಾನೇ ಅದನ್ನು ಜೇಸನ್ (ಪ್ರೋಗ್ರಾಮ್‌ಗಳು ಡೇಟಾ ಹಂಚಿಕೊಳ್ಳುವ ಪಠ್ಯರೂಪ) ಮಾಡಿ ಕಳಿಸುತ್ತದೆ. ‘ಫ್ಲಾಸ್ಕ್ ರನ್ --ಡೀಬಗ್’ ಕೊಟ್ಟರೆ 5000ನೇ ಪೋರ್ಟಿನಲ್ಲಿ ಸರ್ವರ್ ಏಳುತ್ತದೆ. ಮ್ಯಾಕ್‌ನಲ್ಲಿ ಆ ಪೋರ್ಟನ್ನು ಏರ್‌ಪ್ಲೇ ಮೊದಲೇ ಹಿಡಿದಿಟ್ಟಿರಬಹುದು. ಹಾಗಾದರೆ ‘--ಪೋರ್ಟ್ 5001’ ಸೇರಿಸಿ ಕೊಡಿ.

ಕನ್ನಡದಲ್ಲಿ ಹೆಸರು ಹಾಕುವವರು ಮೊದಲ ಉತ್ತರ ನೋಡಿ ಗಾಬರಿಯಾಗುತ್ತಾರೆ. ‘ಕ’ ಇರಬೇಕಾದ ಕಡೆ ಒಂದು ಬ್ಯಾಕ್‌ಸ್ಲ್ಯಾಶ್, ‘ಯು’, ಆಮೇಲೆ ‘0ಸಿ95’ ಎಂದು ಬಂದಿರುತ್ತದೆ. ಡೇಟಾ ಕೆಟ್ಟಿಲ್ಲ. ಅದು ‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ, ಬ್ರೌಸರಿನ ಜಾವಾಸ್ಕ್ರಿಪ್ಟ್ ಅದನ್ನು ಸರಿಯಾಗಿಯೇ ಓದಿಕೊಳ್ಳುತ್ತದೆ. ಆದರೂ ಡೀಬಗ್ ಮಾಡುವಾಗ ಕಣ್ಣಿಗೆ ಹಿಂಸೆ. ‘ಆ್ಯಪ್.ಜೇಸನ್.ಎನ್ಶೂರ್_ಆಸ್ಕಿ’ಯನ್ನು ‘ಫಾಲ್ಸ್’ ಮಾಡಿದರೆ ಅಕ್ಷರಗಳು ಅಕ್ಷರಗಳಾಗಿಯೇ ಬರುತ್ತವೆ.

ಡೇಟಾವನ್ನು ಪೈಥಾನ್ ಲಿಸ್ಟಿನಲ್ಲೇ ಇಟ್ಟುಕೊಂಡರೆ, ಡೀಬಗ್ ಮೋಡ್‌ನಲ್ಲಿ ಫೈಲ್ ಸೇವ್ ಮಾಡಿದಾಗಲೆಲ್ಲ ಸರ್ವರ್ ಮತ್ತೆ ಶುರುವಾಗಿ ಪಟ್ಟಿ ಖಾಲಿಯಾಗುತ್ತದೆ. ಆದ್ದರಿಂದ ನೇರ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿಗೆ ಹೋಗಿ, ಅದು ಪೈಥಾನ್ ಜೊತೆಗೇ ಬರುತ್ತದೆ. ಕನೆಕ್ಷನ್ ಒಂದನ್ನು ಮೇಲೆ ಗ್ಲೋಬಲ್ ಆಗಿ ತೆರೆದಿಡಬೇಡಿ. ಫ್ಲಾಸ್ಕ್‌ನ ಡೆವಲಪ್‌ಮೆಂಟ್ ಸರ್ವರ್ ರಿಕ್ವೆಸ್ಟ್‌ಗಳನ್ನು ಬೇರೆ ಬೇರೆ ಥ್ರೆಡ್‌ಗಳಲ್ಲಿ (ಒಟ್ಟಿಗೇ ಸಾಗುವ ಕೆಲಸದ ಎಳೆಗಳಲ್ಲಿ) ನಡೆಸುತ್ತದೆ. ಒಂದು ಥ್ರೆಡ್‌ನಲ್ಲಿ ತೆರೆದ ಕನೆಕ್ಷನ್ನನ್ನು ಇನ್ನೊಂದರಲ್ಲಿ ಮುಟ್ಟಿದರೆ ಪೈಥಾನ್ ತಕ್ಷಣ ಎರರ್ ಎಸೆಯುತ್ತದೆ. ಪ್ರತಿ ರಿಕ್ವೆಸ್ಟಿಗೂ ಹೊಸ ಕನೆಕ್ಷನ್ ತೆರೆದು ಫ್ಲಾಸ್ಕ್‌ನ ‘ಜಿ’ ಎಂಬ ಆಬ್ಜೆಕ್ಟಿನಲ್ಲಿಟ್ಟು, ರಿಕ್ವೆಸ್ಟ್ ಮುಗಿದಾಗ ಓಡುವ ‘ಟೇರ್‌ಡೌನ್_ಆ್ಯಪ್‌ಕಾಂಟೆಕ್ಸ್ಟ್’ನಲ್ಲಿ ಮುಚ್ಚಿ. ಬಳಕೆದಾರರು ಕೊಟ್ಟ ಯಾವುದನ್ನೂ ಎಫ್-ಸ್ಟ್ರಿಂಗ್‌ನಿಂದ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕೊಡುವ ಆಜ್ಞೆ) ಒಳಗೆ ಹೊಲಿಯಬೇಡಿ. ಅವು ಬರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮೌಲ್ಯಗಳನ್ನು ಬೇರೆಯಾಗಿ ಟ್ಯೂಪಲ್ ಆಗಿ ಕೊಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಡೇಟಾಬೇಸಿಗೆ ಬರೆದ ಮೇಲೆ ಕಮಿಟ್ ಬೇಕು, ಇಲ್ಲದಿದ್ದರೆ ಬರೆದದ್ದು ಉಳಿಯುವುದಿಲ್ಲ. ‘ವಾಪಸ್ ಬಂತೇ’ ಎಂಬುದು ಎಸ್‌ಕ್ಯೂಲೈಟ್‌ನಲ್ಲಿ 0 ಅಥವಾ 1 ಆಗಿ ಕೂತಿರುತ್ತದೆ, ಹೊರಗೆ ಕಳಿಸುವ ಮುನ್ನ ‘ಟ್ರೂ’, ‘ಫಾಲ್ಸ್’ ಮಾಡಿ.

ಈಗ ಪೋಸ್ಟ್. ಬಾಡಿಯನ್ನು ‘ರಿಕ್ವೆಸ್ಟ್.ಗೆಟ್_ಜೇಸನ್()’ ಓದಿಕೊಡುತ್ತದೆ. ಪ್ರತಿ ಉತ್ತರದ ಜೊತೆ ಏನಾಯಿತೆಂದು ಹೇಳುವ ಒಂದು ಸ್ಟೇಟಸ್ ಸಂಖ್ಯೆ ಹೋಗುತ್ತದೆ: ಜೇಸನ್ ಮುರಿದಿದ್ದರೆ 400 (ಕೇಳಿದ್ದೇ ತಪ್ಪು), ಕಂಟೆಂಟ್-ಟೈಪ್ ಹೆಡರ್ ಜೇಸನ್ ಎಂದು ಹೇಳದಿದ್ದರೆ ಈಚಿನ ಆವೃತ್ತಿಗಳಲ್ಲಿ 415 (ಈ ಬಗೆಯ ಡೇಟಾ ಬೇಡ), ಇವು ತಾವಾಗಿಯೇ ಹೋಗುತ್ತವೆ. ಅಷ್ಟಕ್ಕೇ ನೆಮ್ಮದಿ ಬೇಡ. ಬಾಡಿಯಲ್ಲಿ ಬರೀ ‘5’ ಕಳಿಸಿ ನೋಡಿ. ಅದೂ ಸರಿಯಾದ ಜೇಸನ್ನೇ! ನಿಮ್ಮ ಕೋಡ್ ಆ ಐದರೊಳಗೆ ಪುಸ್ತಕದ ಹೆಸರಿನ ಫೀಲ್ಡ್ ‘ಟೈಟಲ್’ ಹುಡುಕಲು ಹೋಗಿ ಮುಗ್ಗರಿಸುತ್ತದೆ, ಕೇಳಿದವರಿಗೆ 500 ಸಿಗುತ್ತದೆ. 500 ಅಂದರೆ ‘ತಪ್ಪು ನನ್ನದು’ ಎಂದು ಸರ್ವರ್ ಒಪ್ಪಿಕೊಂಡ ಹಾಗೆ. ಇಲ್ಲಿ ತಪ್ಪು ಕಳಿಸಿದವರದು. ಆದ್ದರಿಂದ ಬಂದದ್ದು ಡಿಕ್ಷನರಿಯೇ, ಟೈಟಲ್ ಸ್ಟ್ರಿಂಗೇ, ‘ಸ್ಟ್ರಿಪ್’ ಮಾಡಿದ ಮೇಲೂ ಏನಾದರೂ ಉಳಿಯುತ್ತದೆಯೇ ಎಂದು ನೋಡಿ, ಇಲ್ಲದಿದ್ದರೆ 400 ಕೊಡಿ. ಎರಡು ಫೀಲ್ಡ್ ತಪ್ಪಿದ್ದರೆ ಎರಡನ್ನೂ ಒಂದೇ ಸಲ ಹೇಳಿ. ಒಂದು ಸರಿಮಾಡಿ ಬಂದವರಿಗೆ ಇನ್ನೊಂದು ತೋರಿಸುವುದು ಕಚೇರಿ ಕೌಂಟರಿನಲ್ಲಿ ಅರ್ಜಿ ವಾಪಸ್ ಕೊಟ್ಟು ಅಲೆಸಿದ ಹಾಗೆ.

ಎಲ್ಲ ಸರಿಯಿದ್ದರೆ ಉತ್ತರವಾಗಿ ಹೊಸ ಪುಸ್ತಕ, 201 (ಹೊಸದು ಸೃಷ್ಟಿಯಾಯಿತು), ಜೊತೆಗೆ ಲೊಕೇಶನ್ ಹೆಡರಿನಲ್ಲಿ ಅದರ ವಿಳಾಸ. ಫ್ಲಾಸ್ಕ್‌ನಲ್ಲಿ ಈ ಮೂರನ್ನೂ ಕಾಮಾ ಹಾಕಿ ಒಂದೇ ರಿಟರ್ನ್‌ನಲ್ಲಿ ಕೊಡಬಹುದು. ಡಿಲೀಟ್‌ಗೆ ಖಾಲಿ ಸ್ಟ್ರಿಂಗ್ ಮತ್ತು 204 (ಕೆಲಸ ಆಯಿತು, ಕಳಿಸಲು ಏನಿಲ್ಲ). ಆದರೆ ಪುಟ್, ಡಿಲೀಟ್ ಎರಡರಲ್ಲೂ ಎಸ್‌ಕ್ಯೂಎಲ್ ಓಡಿಸಿದ ಕರ್ಸರಿನ ‘ರೋಕೌಂಟ್’ (ಎಷ್ಟು ಸಾಲು ಮುಟ್ಟಿತು ಎಂಬ ಲೆಕ್ಕ) ನೋಡದೆ ಉತ್ತರಿಸಬೇಡಿ. ಅದು 0 ಆಗಿದ್ದರೆ ಆ ಐಡಿಯ ಪುಸ್ತಕವೇ ಇಲ್ಲ, 404 ಹೋಗಬೇಕು. ಯಾವ ಸಾಲನ್ನೂ ಮುಟ್ಟದ ಎಸ್‌ಕ್ಯೂಎಲ್ ಎರರ್ ಕೊಡುವುದಿಲ್ಲ, ಸುಮ್ಮನೆ ಮುಗಿದುಹೋಗುತ್ತದೆ. ಎಲ್ಲದಕ್ಕೂ 200 (ಎಲ್ಲ ಸರಿ) ಕೊಟ್ಟು ಒಳಗೆ ‘ಎರರ್’ ಎಂದು ಬರೆಯುವವರೂ ಇದ್ದಾರೆ. ಅಂಥ ಎಪಿಐ ಬಳಸುವ ಕರ್ಮ ನಮ್ಮ ಫ್ರಂಟೆಂಡ್‌ನವರಿಗೆ (ಬಳಕೆದಾರರಿಗೆ ಕಾಣುವ ಪುಟ ಬರೆಯುವವರಿಗೆ) ಬೇಡ.

ಇನ್ನೊಂದು ಉಳಿಯಿತು. ಫ್ಲಾಸ್ಕ್ ತಾನಾಗಿ ಕೊಡುವ 404, 405 (ಆ ವಿಳಾಸಕ್ಕೆ ಈ ಮೆಥಡ್ ಇಲ್ಲ) ಉತ್ತರಗಳು ಎಚ್‌ಟಿಎಂಎಲ್ ಪುಟಗಳು. ಜೇಸನ್ ನಿರೀಕ್ಷಿಸುವ ಆ್ಯಪ್ ಅವನ್ನು ಓದಲಾಗದೆ ಒದ್ದಾಡುತ್ತದೆ. ಇಂಥ ಎಲ್ಲ ಎರರ್‌ಗಳ ಮೂಲವಾದ ‘ಎಚ್‌ಟಿಟಿಪಿಎಕ್ಸೆಪ್ಶನ್’ಗೆ ಒಂದು ಎರರ್‌ಹ್ಯಾಂಡ್ಲರ್ ಬರೆದು, ಅದರ ವಿವರಣೆಯನ್ನು ಡಿಕ್ಷನರಿಯಲ್ಲಿಟ್ಟು, ಅದರದೇ ಕೋಡ್ ಜೊತೆ ಹಿಂದಿರುಗಿಸಿ. ಎರಡೇ ಸಾಲಿನ ಕೆಲಸ.

ಪರೀಕ್ಷೆಗೆ ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್ ಸಾಕು, ‘-ಐ’ (ಸಣ್ಣ ಅಕ್ಷರದ್ದು) ಸೇರಿಸಿದರೆ ಸ್ಟೇಟಸ್ ಮತ್ತು ಹೆಡರ್‌ಗಳೂ ಕಾಣುತ್ತವೆ. ಕರ್ಲ್‌ನಲ್ಲಿ ನಡೆದದ್ದು ಬೇರೆ ಪೋರ್ಟಿನಲ್ಲಿರುವ ನಿಮ್ಮ ವೆಬ್ ಪುಟದಿಂದ ನಡೆಯದಿದ್ದರೆ, ತಡೆಯುತ್ತಿರುವುದು ಬ್ರೌಸರಿನ ಕೋರ್ಸ್ (ಸಿಒಆರ್‌ಎಸ್) ನಿಯಮ: ಬೇರೆ ಆರಿಜಿನ್, ಅಂದರೆ ಬೇರೆ ವಿಳಾಸ ಅಥವಾ ಪೋರ್ಟಿನ ಪುಟಕ್ಕೆ ಸರ್ವರಿನ ಅನುಮತಿ ಬೇಕು. ಫ್ಲಾಸ್ಕ್-ಕೋರ್ಸ್ ಹಾಕಿ ಆ ಪುಟದ ಆರಿಜಿನ್ ಒಂದಕ್ಕೇ ಅನುಮತಿ ಕೊಡಿ. ಹೊರಗಿನವರಿಗೆ ತೆರೆಯುವಾಗ ‘ಫ್ಲಾಸ್ಕ್ ರನ್’ ಬಿಟ್ಟು ಗುನಿಕಾರ್ನ್‌ನಂಥ ಸರ್ವರ್ ಬಳಸಿ, ಡೀಬಗ್ ಮೋಡ್ ಆಫ್ ಮಾಡಿ: ಅದರ ಎರರ್ ಪುಟದಿಂದಲೇ ನಿಮ್ಮ ಯಂತ್ರದ ಮೇಲೆ ಪೈಥಾನ್ ಕೋಡ್ ಓಡಿಸಬಹುದು, ನಡುವೆ ಇರುವುದು ಒಂದು ಪಿನ್ ಮಾತ್ರ.