ಕಾಲು ನೆಲಕ್ಕೆ ಹಚ್ಚದೆ ಹೊಲಿಗೆ ನಡೆಸಿದ್ದು

ನಾನು ಬೆಟಗೇರಿಯಲ್ಲಿ ಟೇಲರ್. ಶುಗರ್ ಬಂದು ಬಹಳ ವರ್ಷ ಆಯಿತು. ಬಲಗಾಲಿನ ಅಂಗಾಲಿಗೆ, ಹೆಬ್ಬೆರಳ ಬುಡದಲ್ಲಿ ಒಂದು ಹುಣ್ಣಾಗಿ, ಕಾಲು ತೆಗೆಯುವ ಮಾತಿನವರೆಗೂ ಹೋಗಿತ್ತು. ಈಗ ಪೂರ್ತಿ ಮಾಯ್ದಿದೆ. ಹೇಗೆ ಮಾಯಿತು ಅಂತ ಕೇಳುವವರಿಗೆಲ್ಲ ಮುಲಾಮಿನ ಹೆಸರು ಬೇಕು. ಅದರಲ್ಲಿ ಮುಲಾಮಿನ ಪಾಲು ಕಮ್ಮಿ. ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಂಡಿದ್ದೇ ದೊಡ್ಡ ಔಷಧ. ನಿಂತು ಕಟಿಂಗ್ ಮಾಡಿ, ಪೆಡಲ್ ತುಳಿದು ಹೊಟ್ಟೆ ಹೊರೆಯುವವನು ಅದನ್ನು ಹೇಗೆ ಮಾಡಿದ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಯ ಆಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಹೆಂಡತಿ ಅಂಗಡಿಯ ಕಸ ಹೊಡೆಯುವಾಗ ನೆಲದ ಮೇಲೆ ಕಂದು ಚುಕ್ಕೆ ಕಂಡಳು. "ಏನ್ರೀ, ಯಾರ ಕಾಲಿಗೆ ರಕ್ತ ಬಂದೈತಿ?" ಅಂದಳು. ಚುಕ್ಕೆಗಳು ನನ್ನ ಮಷಿನ್ ಹತ್ತಿರ ಬಂದು ನಿಂತಿದ್ದವು. ಕಾಲು ಎತ್ತಿ ನೋಡಿದರೆ ಆಣಿಯ, ಅಂದರೆ ಗಟ್ಟಿಯಾದ ಚರ್ಮದ, ನಡುವೆ ಒಂದು ಗುಂಡುಸೂಜಿ. ತಲೆ ಮಾತ್ರ ಹೊರಗೆ, ಉಳಿದದ್ದೆಲ್ಲ ಒಳಗೆ. ಅವಳೇ ಇಕ್ಕಳದಿಂದ ಎಳೆದಳು. ಅವಳ ಮುಖ ಕಿವುಚಿತು, ನನಗೆ ಏನೂ ಅನ್ನಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆ ಬೇರೆ ಕಡೆ ಒತ್ತಿದರು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. "ಈಗ ಗೊತ್ತಾತೇನ್ರಿ?" ಅಂತ ಕೇಳುತ್ತಲೇ ಇದ್ದರು. ನಾನು ಸುಮ್ನೆ ಕೂತಿದ್ದೆ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಉದ್ದದ ನರಗಳ ತುದಿ ಮೊದಲು ಕೆಡುತ್ತದೆ, ಅದಕ್ಕೇ ಪಾದದಿಂದ ಶುರು. ನೋವಿದ್ದರೆ ಮನುಷ್ಯ ಕುಂಟುತ್ತಾನೆ, ಕುಂಟಿದರೆ ಗಾಯಕ್ಕೆ ಬಿಡುವು ಸಿಗುತ್ತದೆ. ನೋವಿಲ್ಲದವನು ಅದೇ ಹುಣ್ಣನ್ನು ದಿನವಿಡೀ ತುಳಿಯುತ್ತಾನೆ. ಅಂಥ ಕಾಲಿಗೆ ಬೆವರೂ ಬರುವುದಿಲ್ಲ, ಚರ್ಮ ಒಣಗಿ ಬಿರಿಯುತ್ತದೆ. ಆಣಿ ಗಟ್ಟಿಯಾಗಿ ಒಳಗಿನ ಮಾಂಸವನ್ನು ಒತ್ತುತ್ತದೆ. ಮೇಲೆ ಆಣಿ ಕಾಣುತ್ತದೆ, ಕೆಳಗೆ ಕೀವು ಕೂತಿರುತ್ತದೆ.

ಅಷ್ಟರಲ್ಲಿ ಚಳಿಜ್ವರ ಬಂತು, ಕೆಂಪು ಹಿಮ್ಮಡದ ಗಂಟಿನವರೆಗೆ ಏರಿತು. ಹುಬ್ಬಳ್ಳಿಗೆ ಹೋಗಿ ಅಡ್ಮಿಟ್ ಆದೆ. ಸತ್ತ ಮಾಂಸ ಕೆತ್ತಿ ತೆಗೆದರು, ಸಲೈನ್ ಜೊತೆ ಆಂಟಿಬಯಾಟಿಕ್ ಕೊಟ್ಟರು. ಎಕ್ಸ್‌ರೇ ತೆಗೆದರು, ಹುಣ್ಣಿನೊಳಗೆ ಸಣ್ಣ ಸ್ಟೀಲ್ ಕಡ್ಡಿ ಬಿಟ್ಟು ಮೂಳೆಗೆ ತಾಗುತ್ತದಾ ಅಂತ ನೋಡಿದರು. ತಾಗಲಿಲ್ಲ. ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ರಕ್ತ ಪಾದದವರೆಗೆ ಚೆನ್ನಾಗಿ ಬರುತ್ತಿದೆ ಅಂತ ಗೊತ್ತಾಯಿತು. ನನ್ನ ಕಾಲು ಉಳಿಯಲು ಈ ಎರಡೇ ಕಾರಣ. ರಕ್ತ ಬರದ ಕಾಲಿಗೆ ಎಷ್ಟು ಡ್ರೆಸ್ಸಿಂಗ್ ಮಾಡಿದರೂ ಉಪಯೋಗ ಕಮ್ಮಿ, ಮೊದಲು ರಕ್ತನಾಳದ ಚಿಕಿತ್ಸೆ ಆಗಬೇಕು. ಪಕ್ಕದ ಬೆಡ್ಡಿನ ಹಾವೇರಿ ಕಡೆಯ ಅಜ್ಜಾರಿಗೆ ಅದೇ ತೊಂದರೆ ಇತ್ತು.

ಡಿಸ್ಚಾರ್ಜ್ ಆಗುವಾಗ ಹೇಳಿದ್ದು ಒಂದೇ ಮಾತು: "ಆ ಕಾಲು ನೆಲಕ್ಕ ಹಚ್ಚಬ್ಯಾಡ್ರಿ." ಕೇಳಲಿಕ್ಕೆ ಸುಲಭ.

ದಿನಾ ಡ್ರೆಸ್ಸಿಂಗಿಗೆ ಅಂತ ಕ್ಲಿನಿಕ್ಕಿಗೆ ನಡೆದು ಹೋಗುವವರನ್ನು ಈಗಲೂ ನೋಡುತ್ತೇನೆ. ಪಟ್ಟಿ ಹೊಸದು, ಆದರೆ ಹೋಗುತ್ತಾ ಬರುತ್ತಾ ಹುಣ್ಣು ತುಳಿದಿರುತ್ತಾರೆ. ನಾವು ಮನೆಯಲ್ಲೇ ಡ್ರೆಸ್ಸಿಂಗ್ ಮಾಡಲು ಕಲಿತೆವು. ಆಸ್ಪತ್ರೆಯ ಸಿಸ್ಟರ್ ಹೆಂಡತಿಗೆ ತೋರಿಸಿಕೊಟ್ಟರು: ಸೋಪಿನಿಂದ ಕೈ ತೊಳೆ, ನಾರ್ಮಲ್ ಸಲೈನಿನಿಂದ ಹುಣ್ಣು ತೊಳೆ, ಗಾಜ್ ಇಡು, ಪಟ್ಟಿ ಬಿಗಿಯಾಗಬಾರದು. ಕೀವು, ವಾಸನೆ, ಕಪ್ಪು ಬಣ್ಣ ಕಂಡರೆ ಅವತ್ತೇ ಫೋನ್. ಸಂಬಂಧಿಕರ ಔಷಧಗಳನ್ನು ಬಾಗಿಲಲ್ಲೇ ನಿಲ್ಲಿಸಿದ್ದೂ ಅವಳೇ. ಒಬ್ಬರು ಸುಣ್ಣ-ಅರಿಶಿನ ಅಂದರು. ನಮ್ಮ ಸೋದರತ್ತೆ ಬೇವಿನೆಲೆ ಹಾಕಿ ಕುದಿಸಿದ ನೀರಲ್ಲಿ ಕಾಲು ಇಡು ಅಂದರು. ಬಿಸಿಯೇ ಗೊತ್ತಾಗದ ಕಾಲು ಅದು, ಸುಟ್ಟು ಬೊಬ್ಬೆ ಬಂದರೂ ಗೊತ್ತಾಗುವುದಿಲ್ಲ.

ಕೆಲಸ ನಿಲ್ಲಿಸಿದರೆ ಮನೆ ನಡೆಯಬೇಕಲ್ಲ? ಮಷಿನ್ನಿಗೆ ಮೋಟಾರ್ ಕೂಡಿಸಿದೆ. ಅದರ ರೆಗ್ಯುಲೇಟರ್ ಎಡಗಾಲಿನ ಕಡೆ ಇಟ್ಟೆ. ಮೊದಮೊದಲು ಎಡಗಾಲಿಗೆ ಅಂದಾಜು ಸಿಗದೆ ಹೊಲಿಗೆ ಓಡಿಹೋಗುತ್ತಿತ್ತು, ಅದಕ್ಕೆ ದಿಂಬಿನ ಚೀಲ, ಲಂಗ ಅಷ್ಟೇ ಹಿಡಿದೆ. ಬಲಗಾಲು ಪಕ್ಕದ ಸ್ಟೂಲಿನ ಮೇಲೆ. ಕಟಿಂಗ್ ನಿಂತೇ ಮಾಡಬೇಕು, ಅದನ್ನು ಓಣಿಯ ಹುಡುಗನೊಬ್ಬನಿಗೆ ಕೊಟ್ಟೆ. ನಾನು ಗುರುತು ಹಾಕಿ ಕೊಡುತ್ತಿದ್ದೆ. ಕಾಜಾ, ಗುಂಡಿ, ಹೆಮ್ಮಿಂಗ್ ಎಲ್ಲ ಮಂಚದ ಮೇಲೆ ಕೂತು. ಗಿರಾಕಿಗಳು ಮಂಚದ ಹತ್ತಿರವೇ ಬಂದು ಅಳತೆ ಕೊಟ್ಟರು. ಬ್ಲೌಸಿನ ಕೆಲಸ ಪೂರ್ತಿ ಹೋಯಿತು, ಆ ದುಡ್ಡು ಮತ್ತೆ ಬರಲಿಲ್ಲ.

ಎಲ್ಲಕ್ಕಿಂತ ಕಷ್ಟ ಅಂದರೆ ರಾತ್ರಿ. ನಮ್ಮ ಸಂಡಾಸು ಹಿತ್ತಲಲ್ಲಿ. ನಿದ್ದೆಗಣ್ಣಲ್ಲಿ ಎದ್ದವನಿಗೆ ವಾಕರ್ ನೆನಪಾಗುವುದಿಲ್ಲ, ನೋವೂ ನೆನಪು ಮಾಡಿಕೊಡುವುದಿಲ್ಲ. ಹೆಂಡತಿ ವಾಕರನ್ನು ಮಂಚಕ್ಕೆ ಅಡ್ಡ ನಿಲ್ಲಿಸಿದಳು. ಅದನ್ನು ಹಿಡಿಯದೆ ಇಳಿಯಲು ಬರುತ್ತಿರಲಿಲ್ಲ. ಪಕ್ಕದಲ್ಲೇ ಯೂರಿನ್ ಪಾಟ್ ಇಟ್ಟಳು. ನಾಚಿಕೆ ಎರಡು ದಿನದ್ದು.

ಸೋಂಕು ಪೂರ್ತಿ ಇಳಿದ ಮೇಲೆ ಮೊಣಕಾಲ ಕೆಳಗಿನಿಂದ ಪಾದಕ್ಕೆ ಅಂಟಿದಂತೆ ಪ್ಲಾಸ್ಟರ್ ಹಾಕಿದರು. ಭಾರ ಒಂದೇ ಕಡೆ ಬೀಳದೆ ಇಡೀ ಪಾದಕ್ಕೂ ಕಾಲಿಗೂ ಹಂಚಿಹೋಗಲಿ ಅಂತ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಅಂಗಾಲಿನ ಹುಣ್ಣಿಗೆ ಬಳಸುತ್ತಿದ್ದ ಉಪಾಯ ಇದೇ. ಅವರಿಗೂ ಕಾಲಿನ ಸ್ಪರ್ಶ ಹೋಗಿರುತ್ತದೆ ಅಲ್ವಾ? ವಾರಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಹಾಕುತ್ತಿದ್ದರು. ಪ್ರತಿ ಸಲ ಹುಣ್ಣು ಕಿರಿದಾಗಿರುತ್ತಿತ್ತು. ನನ್ನ ಟೇಪಿನಿಂದಲೇ ಅಳೆಯಿರಿ ಅಂತ ಕೊಡುತ್ತಿದ್ದೆ, ಡಾಕ್ಟರು ನಗುತ್ತಿದ್ದರು.

ಆ ಹೊತ್ತಿಗೆ ಮಾತ್ರೆ ಸಾಲದು ಅಂತ ಇನ್ಸುಲಿನ್ ಶುರುವಾಗಿತ್ತು. ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ 9ರ ಮೇಲಿತ್ತು, ಅಂದರೆ ಬಹಳ ಜಾಸ್ತಿ. ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಸಿಗುವ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್ ಬೇಕು. ಒಮ್ಮೆ ಮೆಡಿಕಲ್ ಶಾಪಿನ ಹುಡುಗ 100ರ ಸಿರಿಂಜ್ ಕೊಟ್ಟುಬಿಟ್ಟ. ಗೆರೆಗಳು ಒತ್ತೊತ್ತಾಗಿವೆ ಅನ್ನಿಸಿ ನಾನು ತಿರುಗಿಸಿ ನೋಡಿದೆ. 100ರ ಸಿರಿಂಜಿನಲ್ಲಿ ಆ ಇನ್ಸುಲಿನ್ನನ್ನು 20 ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ, ಶುಗರ್ ಕುಸಿದು ಜೀವಕ್ಕೇ ಅಪಾಯ. ಬಾಟಲಿಯ ನಂಬರೂ ಸಿರಿಂಜಿನ ನಂಬರೂ ಒಂದೇ ಇರಬೇಕು.

ಊಟದ್ದು ಹೆಚ್ಚು ಬರೆಯುವುದಿಲ್ಲ. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. 100 ಗ್ರಾಂ ಜೋಳದಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಊಟ ಆಗಿ ಎರಡು ತಾಸಿಗೆ ಶುಗರ್ ನೋಡುವ ಮಷಿನ್ನಿನಲ್ಲಿ ನೋಡಿ ನನ್ನ ಲೆಕ್ಕ ನಾನು ಹಾಕಿಕೊಂಡೆ: ರೊಟ್ಟಿ ಎರಡು, ಮಡಿಕೆಕಾಳು, ಮೊಟ್ಟೆ, ಮೆಂತ್ಯದ ಸೊಪ್ಪು ಜಾಸ್ತಿ. ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು.

ಮಾಯ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಇಂಥ ಹುಣ್ಣು ಮಾಯ್ದ ಹತ್ತರಲ್ಲಿ ಸುಮಾರು ನಾಲ್ಕು ಜನಕ್ಕೆ ವರ್ಷದೊಳಗೆ ಮತ್ತೆ ಆಗುತ್ತದೆ. ಅದಕ್ಕೇ ಮನೆಯೊಳಗೂ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆ ರಬ್ಬರಿನದು. ಹಾಕುವ ಮೊದಲು ಒಳಗೆ ಕೈಯಾಡಿಸುತ್ತೇನೆ. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಎರಡೂ ಅಂಗಾಲು ನೋಡುವುದು, ಕೊಬ್ಬರಿ ಎಣ್ಣೆ ಹಚ್ಚುವುದು, ಬೆರಳ ಸಂದಿಗೆ ಮಾತ್ರ ಹಚ್ಚಬಾರದು. ಆಣಿಯನ್ನು ಬ್ಲೇಡಿನಿಂದ ನಾನು ಮುಟ್ಟುವುದಿಲ್ಲ, ಆಸ್ಪತ್ರೆಯಲ್ಲೇ ಕೆತ್ತಿಸುತ್ತೇನೆ. ವೀರನಾರಾಯಣ ಗುಡಿಗೆ ಬೇಸಿಗೆಯಲ್ಲಿ ಬೆಳಗ್ಗೆಯೇ ಹೋಗಿ ಬರುತ್ತೇನೆ, ದಪ್ಪ ಕಾಲುಚೀಲ ಹಾಕಿಕೊಂಡು. ಮಧ್ಯಾಹ್ನದ ಆ ಕಲ್ಲಿನ ಬಿಸಿ ನನ್ನ ಕಾಲಿಗೆ ತಿಳಿಯುವುದಿಲ್ಲ. ಮಷಿನ್ ಸುತ್ತ ಬಿದ್ದ ಗುಂಡುಸೂಜಿಗಳನ್ನು ದಿನಾ ಸಂಜೆ ಅಯಸ್ಕಾಂತದಿಂದ ಎತ್ತುವುದು ಈಗ ಕಟಿಂಗ್ ಹುಡುಗನ ಕೆಲಸ.