ಮುಂಬಯಿಯಿಂದ ಶಿಯಾನ್‌ಗೆ: ಒಂದೇ ಊರು, ನಾಲ್ಕು ದಿನ, ಹೊಟ್ಟೆ ತುಂಬ ನೂಡಲ್ಸ್

ಚೀನಾ ಪ್ರವಾಸ ಅಂದ ಕೂಡಲೇ ಜನ ಬೀಜಿಂಗ್, ಶಾಂಘೈ, ಜೊತೆಗೆ ಇನ್ನೆರಡು ಊರು ಅಂತ ಪಟ್ಟಿ ಮಾಡಿ ಕೂರುತ್ತಾರೆ. ರಜೆ ಇರುವುದು ಒಂದು ವಾರ. ಅದರಲ್ಲಿ ಹೋಗಿ ಬರುವುದಕ್ಕೇ ಎರಡು ದಿನ ಬೇಕು. ಉಳಿದದ್ದನ್ನು ಸ್ಟೇಷನ್ನುಗಳಲ್ಲಿ ಕಳೆಯುವುದಕ್ಕೆ ಮುಂಬಯಿಯೇ ಸಾಕಲ್ವಾ? ಒಂದೇ ಊರು ಹಿಡಿಯಿರಿ. ಅದು ಶಿಯಾನ್ ಆಗಲಿ ಅಂತ ನನ್ನ ಸಲಹೆ. ಹಳೇ ಹೆಸರು ಚಾಂಗಾನ್, ರೇಷ್ಮೆ ದಾರಿಯ ಪೂರ್ವದ ತುದಿ. ನೋಡಬೇಕಾದ್ದೆಲ್ಲ ಹೆಚ್ಚುಕಡಿಮೆ ಮೆಟ್ರೋದಲ್ಲೇ ಸಿಗುತ್ತದೆ. ಊಟ ಗೋಧಿ, ಒಣಮೆಣಸಿನಕಾಯಿ, ವಿನೆಗರ್ ಮೇಲೆ ನಿಂತದ್ದು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದವರಿಗೆ ಖಾರದ ಚಿಂತೆಯೇ ಇಲ್ಲ. ಮಾಟುಂಗಾದ ಪಕ್ಕಾ ಸಸ್ಯಾಹಾರಿಗಳಿಗೂ ದಾರಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಏಪ್ರಿಲ್, ಮೇ ಒಳ್ಳೆಯದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮಧ್ಯಭಾಗವೂ ಸರಿ. ದಸರಾ ರಜೆ ಅಕ್ಟೋಬರ್ ಮೊದಲ ವಾರಕ್ಕೆ ಬಿದ್ದರೆ ಮಾತ್ರ ಹೋಗಲೇಬೇಡಿ: 1ನೇ ತಾರೀಕು ಅವರ ರಾಷ್ಟ್ರೀಯ ದಿನ, ಅಲ್ಲಿಂದ ಒಂದು ವಾರ ಇಡೀ ದೇಶವೇ ಪ್ರವಾಸಕ್ಕೆ ಹೊರಟಿರುತ್ತದೆ. ಮೇ 1ರ ಆಸುಪಾಸಿನಲ್ಲೂ ಅದೇ ಕಥೆ. ದೀಪಾವಳಿಗೆ ಹೋಗುವವರು ದಪ್ಪನೆ ಜಾಕೆಟ್ ಇಟ್ಟುಕೊಳ್ಳಿ.

ವೀಸಾ ಬೇಕೇ ಬೇಕು. 240 ಗಂಟೆ ವೀಸಾ ಇಲ್ಲದೆ ಇರಬಹುದು ಅನ್ನುವ ವಿಡಿಯೊ ನೋಡಿ ಟಿಕೆಟ್ ಮಾಡಬೇಡಿ, ಆ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹೋಟೆಲನ್ನು ದುಡ್ಡು ಕಳೆದುಕೊಳ್ಳದೆ ಕ್ಯಾನ್ಸಲ್ ಮಾಡುವ ಹಾಗೆ ಬುಕ್ ಮಾಡಿ, ವೀಸಾ ಕೈಗೆ ಬಂದ ಮೇಲೆ ಉಳಿದದ್ದು. ವಿಮಾನ ಬ್ಯಾಂಕಾಕ್, ಕೌಲಾಲಂಪುರ, ಹಾಂಗ್‌ಕಾಂಗ್ ಹೀಗೆ ಯಾವುದಾದರೂ ಊರಿನ ಮೂಲಕ ಹೋಗಬಹುದು. ಎರಡು ಹಾರಾಟವೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಬೇರೆ ಬೇರೆ ತಗೊಂಡರೆ ನಡುವಿನ ಊರಲ್ಲಿ ಬ್ಯಾಗ್ ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾದೀತು, ಅಲ್ಲಿನ ವೀಸಾ ತಲೆನೋವು ಬೇರೆ.

ಇನ್ನು ಫೋನು. ಇದೊಂದನ್ನು ಮನೆಯಲ್ಲೇ ಕೂತು ಸರಿ ಮಾಡಿಕೊಂಡರೆ ಅರ್ಧ ಪ್ರವಾಸ ಮುಗಿದ ಹಾಗೆ. ಅಲ್ಲಿ ಬೀದಿ ಬದಿಯ ಅಂಗಡಿಯೂ ಕ್ಯೂಆರ್ ಮುಂದೆ ಹಿಡಿಯುತ್ತದೆ, ಆದರೆ ನಮ್ಮ ಯುಪಿಐ ಆ್ಯಪ್ ಅದನ್ನು ಓದುವುದಿಲ್ಲ. ಅಲಿಪೇ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕ್ರೆಡಿಟ್ ಕಾರ್ಡ್ ಸೇರಿಸಿ. ಬ್ಯಾಂಕಿನ ಆ್ಯಪ್‌ಗೆ ಹೋಗಿ ವಿದೇಶಿ ವ್ಯವಹಾರ ಆನ್ ಮಾಡಿ, ಇದನ್ನು ಮರೆಯುವವರೇ ಜಾಸ್ತಿ. ಓಟಿಪಿ ಬರುವುದು ನಮ್ಮ ನಂಬರಿಗೆ, ಹಾಗಾಗಿ ಇಲ್ಲಿನ ಸಿಮ್ಮಿಗೆ ರೋಮಿಂಗ್ ಇರಲೇಬೇಕು. 200 ಯುವಾನ್ ದಾಟಿದ ಒಂದೊಂದು ಪಾವತಿಗೂ ವಿದೇಶಿ ಕಾರ್ಡಿಗೆ 3% ಶುಲ್ಕ ಬೀಳುತ್ತದೆ, ಅದಕ್ಕಿಂತ ಕಡಿಮೆಗೆ ಇಲ್ಲ. ಗುಂಪಿನ ಊಟದ ಬಿಲ್ಲನ್ನು ಇಬ್ಬರು ಹಂಚಿಕೊಂಡು ಕೊಟ್ಟರೆ ಇದೂ ಉಳಿಯುತ್ತದೆ. ಟ್ಯಾಕ್ಸಿ ಕರೆಯುವ ದೀದಿ ಕೂಡ ಅಲಿಪೇ ಒಳಗೇ ಇದೆ. ಸ್ವಲ್ಪ ನೋಟೂ ಜೇಬಿನಲ್ಲಿರಲಿ.

ಗೂಗಲ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಅಲ್ಲಿನ ಇಂಟರ್‌ನೆಟ್‌ನಲ್ಲಿ ಸಿಗುವುದಿಲ್ಲ. ರೋಮಿಂಗ್ ಡೇಟಾ ಅಥವಾ ಹೊರದೇಶದ ಟ್ರಾವೆಲ್ ಇಸಿಮ್ ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ, ಹೋಟೆಲ್ ವೈಫೈನಲ್ಲಿ ನಡೆಯುವುದಿಲ್ಲ. ನಡೆದರೂ ಗೂಗಲ್ ಮ್ಯಾಪನ್ನು ಅಲ್ಲಿ ನೆಚ್ಚಬೇಡಿ, ಗುರುತುಗಳು ಜಾಗ ತಪ್ಪಿರುತ್ತವೆ. ಅಲ್ಲಿಯದೇ ಮ್ಯಾಪ್ ಆ್ಯಪ್ ಅಮ್ಯಾಪ್ (Amap) ಹಾಕಿಕೊಳ್ಳಿ. ಮತ್ತೆ ಪವರ್‌ಬ್ಯಾಂಕ್: 2025ರ ಜೂನ್‌ನಿಂದ ಚೀನಾದ ಒಳಗಿನ ವಿಮಾನಗಳಲ್ಲಿ 3ಸಿ (CCC) ಅನ್ನುವ ಅಲ್ಲಿನ ಸುರಕ್ಷತಾ ಗುರುತು ಇಲ್ಲದ ಪವರ್‌ಬ್ಯಾಂಕ್ ಒಯ್ಯುವ ಹಾಗಿಲ್ಲ. ಇಲ್ಲಿ ಕೊಂಡದ್ದರ ಮೇಲೆ ಆ ಗುರುತು ಇದೆಯಾ ಅಂತ ತಿರುಗಿಸಿ ನೋಡಿ.

ಮೊದಲ ದಿನ ದಣಿವು ಇರುತ್ತದೆ, ಗಡಿಯಾರವೂ ನಮಗಿಂತ ಎರಡೂವರೆ ಗಂಟೆ ಮುಂದೆ. ಊರ ನಡುವಿನ ಬೆಲ್ ಟವರ್ ಹತ್ತಿರ ರೂಮು ಮಾಡಿ, ಸಂಜೆ ನಡೆದುಕೊಂಡೇ ಮುಸ್ಲಿಂ ಮೊಹಲ್ಲಾಕ್ಕೆ ಹೋಗಿ. ಹ್ವೇ ಮುಸ್ಲಿಮರು ತಲೆತಲಾಂತರದಿಂದ ಇರುವ ಜಾಗ. ಇಲ್ಲಿ ಹಂದಿ ಮಾಂಸ ಇಲ್ಲ, ಕುರಿ ಮತ್ತು ದನದ್ದೇ ಕಾರುಬಾರು. ದೊಡ್ಡ ಬೀದಿಯಲ್ಲಿ ದೀಪ, ಗಲಾಟೆ, ಫೋಟೊ ಎಲ್ಲ ಚೆನ್ನ. ತಿನ್ನುವುದಕ್ಕೆ ಸ್ವಲ್ಪ ಪಶ್ಚಿಮಕ್ಕೆ ನಡೆದು ಸಾಜಿನ್‌ಚ್ಯಾವ್ ಬೀದಿಗೆ ಹೋಗಿ, ಅಲ್ಲಿ ಊರಿನವರೇ ತಿನ್ನುತ್ತಾರೆ.

ಮಾಂಸ ತಿನ್ನುವವರು ಯಾಂಗ್‌ರೊ ಪಾವ್‌ಮೊ ಬಿಡಬೇಡಿ. ಮೊದಲು ಖಾಲಿ ಬಟ್ಟಲು, ಗಟ್ಟಿ ರೊಟ್ಟಿ ಕೊಡುತ್ತಾರೆ. ಕೂತು ಅದನ್ನು ಕಡಲೆಕಾಳಿನಷ್ಟು ಸಣ್ಣಗೆ ಚೂರು ಮಾಡಬೇಕು. ಆತುರದವರ ದಪ್ಪ ಚೂರುಗಳ ಒಳಗೆ ಸಾರು ಇಳಿಯುವುದೇ ಇಲ್ಲ. ಚೂರು ಮಾಡಿ ಕೊಟ್ಟ ಬಟ್ಟಲು ಅಡುಗೆಮನೆಗೆ ಹೋಗಿ, ಕುರಿ ಸಾರಿನಲ್ಲಿ ಬೆಂದು, ಗಾಜಿನಂಥ ಶಾವಿಗೆ ಸೇರಿ ವಾಪಸ್ ಬರುತ್ತದೆ. ಜೊತೆಗೆ ಸಕ್ಕರೆ, ವಿನೆಗರ್‌ನಲ್ಲಿ ನೆನೆಹಾಕಿದ ಸಿಹಿ ಬೆಳ್ಳುಳ್ಳಿ.

ಸಸ್ಯಾಹಾರಿಗಳಿಗೆ ಲ್ಯಾಂಗ್‌ಪಿ. ಕಲಸಿದ ಗೋಧಿ ಹಿಟ್ಟನ್ನು ನೀರಲ್ಲಿ ತೊಳೆದು, ಹಾಲಿನಂಥ ಆ ನೀರನ್ನು ಹಬೆಯಲ್ಲಿ ಬೇಯಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸೌತೆಕಾಯಿ, ವಿನೆಗರ್, ಖಾರದ ಎಣ್ಣೆ ಹಾಕಿ ತಣ್ಣಗೆ ಕೊಡುತ್ತಾರೆ. ಬ್ಯಾಂಗ್‌ಬ್ಯಾಂಗ್ ನೂಡಲ್ಸ್ ಎರಡು ಮೂರು ಬೆರಳು ಅಗಲ. ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಇಟ್ಟು ಕುದಿಯುವ ಎಣ್ಣೆ ಸುರಿದಾಗ ನಮ್ಮ ಒಗ್ಗರಣೆ ಹಾಗೇ ಚುಂಯ್ ಅನ್ನುತ್ತದೆ. ಮಾಂಸ ಹಾಕದೆ ಮಾಡಿ ಅಂತ ಮೊದಲೇ ಹೇಳಬೇಕು. ಸಿಹಿಗೆ ಝೆಂಗ್‌ಗಾವ್: ಅಂಟು ಅಕ್ಕಿ, ಖರ್ಜೂರದಂಥ ಕೆಂಪು ಹಣ್ಣು, ಅವರೆ ಜಾತಿಯ ಕಾಳು, ಎಲ್ಲ ಹಬೆಯಲ್ಲಿ ಬೆಂದದ್ದು. ಬೆಳಗಿನ ತಿಂಡಿಗೇ ಸಾಕು.

ಒಂದು ಎಚ್ಚರ. ಈ ಮೊಹಲ್ಲಾ ದಾಟಿದರೆ ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು, ಎಲ್ಲೇ ಆದರೂ ಟೋಫುವಿಗೂ ಕೈಮಾ ಬೀಳಬಹುದು. ನಾವು ಸಸ್ಯಾಹಾರಿ ಅಂದರೆ ಸಾಲದು. ಮಾಂಸ, ಮೀನು, ಮಾಂಸದ ಸಾರು, ಪ್ರಾಣಿ ಕೊಬ್ಬು, ಆಯ್ಸ್ಟರ್ ಸಾಸ್ ಯಾವುದೂ ಬೇಡ ಅಂತ ಚೀನೀ ಅಕ್ಷರದಲ್ಲಿ ಬರೆಸಿ, ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿಡಿ. ಮೊಟ್ಟೆ ಆಗುತ್ತದೆ ಅನ್ನುವವರಿಗೆ ಟೊಮೆಟೊ-ಮೊಟ್ಟೆ ಪಲ್ಯ ಎಲ್ಲೆಡೆ ಸಿಗುತ್ತದೆ. ಮಂಚೂರಿಯನ್ ಹುಡುಕಬೇಡಿ, ಅದು ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ! ಬಿಸಿನೀರು ಹೋಟೆಲಿನಲ್ಲಿ, ರೈಲಿನಲ್ಲಿ ಎಲ್ಲೆಂದರಲ್ಲಿ ಸಿಗುವುದರಿಂದ ದಿಢೀರ್ ಉಪ್ಪಿಟ್ಟಿನ ಪ್ಯಾಕೆಟ್ ಒಯ್ಯಿರಿ. ಹಣ್ಣು, ತರಕಾರಿ, ಹಾಲಿನ ತಿಂಡಿ ಮಾತ್ರ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ, ಪೇಢಾ ಮನೆಯಲ್ಲೇ ಇರಲಿ.

ಎರಡನೇ ದಿನ ಮಣ್ಣಿನ ಸೈನಿಕರು, ಅಂದರೆ ಟೆರಾಕೋಟಾ ಆರ್ಮಿ. ಟಿಕೆಟ್ ಮೊದಲೇ ಪಾಸ್‌ಪೋರ್ಟ್ ನಂಬರಿನಲ್ಲಿ ಬುಕ್ ಮಾಡಿ. 9ನೇ ಮೆಟ್ರೋ ಲೈನ್ ಹಿಡಿದು ಹ್ವಾಚಿಂಗ್‌ಚ್ ಸ್ಟೇಷನ್, ಅಲ್ಲಿಂದ ಬಸ್. ಸ್ಟೇಷನ್ ಎದುರು ಅಗ್ಗಕ್ಕೆ ಕರೆದೊಯ್ಯುತ್ತೇವೆ ಅನ್ನುವವರ ಹಿಂದೆ ಹೋದರೆ ನಕಲಿ ಬೊಂಬೆ ಮಾರುವ ಅಂಗಡಿ ನೋಡಿಕೊಂಡು ಬರುತ್ತೀರಿ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು ಇದು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಚಿನ್ ಶಿ ಹ್ವಾಂಗ್‌ನ ಸಮಾಧಿಯ ಕಾವಲು ಪಡೆ. ಸಮಾಧಿಯನ್ನು ಇವತ್ತಿಗೂ ಅಗೆದಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಒಂದನೇ ಗುಂಡಿಗೇ ನುಗ್ಗಿ, 230 ಮೀಟರ್ ಉದ್ದದ ಆ ಹಾಲ್ ಹತ್ತು ಗಂಟೆಯ ಮೇಲೆ ನಮ್ಮ ದಾದರ್ ಸೇತುವೆಯೇ.

ಮೂರನೇ ದಿನ ದೊಡ್ಡ ಕಾಡುಬಾತಿನ ಗೋಪುರ. ಭಾರತದಿಂದ ತಂದ ಗ್ರಂಥಗಳನ್ನು ಇಡುವುದಕ್ಕೆ ಹ್ಯೂಯೆನ್ ತ್ಸಾಂಗ್ 652ರಲ್ಲಿ ಕಟ್ಟಿಸಿದ್ದು. ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದು, ಯುದ್ಧಕ್ಕೆ ಮೊದಲು ಆನೆಗಳಿಗೆ ಹೆಂಡ ಕುಡಿಸುತ್ತಾರೆ ಅಂತ ಬರೆದುಕೊಂಡು ಹೋದವನು ಇವನೇ. ಮಹಾರಾಷ್ಟ್ರದಲ್ಲಿರುವ ಕನ್ನಡಿಗರಿಗೆ ಈ ಗೋಪುರದ ಮೇಲೆ ಸ್ವಲ್ಪ ಹಕ್ಕು ಇದೆ ಅಂತ ನಾನಂತೂ ಜಗಳ ಆಡುತ್ತೇನೆ. ಕತ್ತಲಾದ ಮೇಲೆ ಪಕ್ಕದ ತಾಂಗ್ ಬೀದಿಯಲ್ಲಿ ದೀಪ ನೋಡಿ. ಶಾನ್‌ಶಿ ಮ್ಯೂಸಿಯಂ ಪುಕ್ಕಟೆ, ಆದರೆ ಟಿಕೆಟ್ ಬಿಟ್ಟ ಕೂಡಲೇ ಮುಗಿಯುತ್ತದೆ, ಸೋಮವಾರ ರಜೆ. ಸಿಕ್ಕರೆ ಹೋಗಿ, ಸಿಗದಿದ್ದರೆ ಸುಮ್ನೆ ಕೊರಗಬೇಡಿ.

ಕೊನೇ ದಿನ ಕೋಟೆ ಗೋಡೆ. ಮಿಂಗ್ ಕಾಲದ್ದು, ಸುತ್ತಳತೆ 13.7 ಕಿಲೋಮೀಟರ್. ದಕ್ಷಿಣ ದ್ವಾರದಲ್ಲಿ ಹತ್ತಿದರೆ ಮೇಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಇಟ್ಟಿಗೆ ಹಾಸು, ಕುಲುಕುತ್ತದೆ, ಸೊಂಟ ನೋವಿನವರು ಒಂದು ದ್ವಾರದಿಂದ ಇನ್ನೊಂದಕ್ಕೆ ನಡೆದರೂ ಸಾಕು. ನಾಲ್ಕು ದಿನ ಸಿಗದವರು ಮ್ಯೂಸಿಯಂ ಬಿಟ್ಟು ಇದನ್ನು ಮೂರನೇ ದಿನದ ಬೆಳಗ್ಗೆಗೇ ಹಾಕಿಕೊಳ್ಳಿ, ಗೋಪುರ ಮಧ್ಯಾಹ್ನಕ್ಕಿರಲಿ.