ಫ್ರಜೈಲ್ ಎಕ್ಸ್ ಇಲಿಯ ಮೆದುಳಿನಲ್ಲಿ ಸಿಗ್ನಲ್ ಅಳೆದ ನನ್ನ ಅನುಭವ

ವಂಶದಲ್ಲಿ ಹರಿದು ಬರುವ ಬೌದ್ಧಿಕ ತೊಂದರೆಗಳಲ್ಲಿ ಜಾಸ್ತಿ ಕಾಣುವುದು ಫ್ರಜೈಲ್ ಎಕ್ಸ್. ಎಫ್‌ಎಂಆರ್1 ಎಂಬ ಜೀನ್‌ನಲ್ಲಿ ಸಿಜಿಜಿ ಎನ್ನುವ ಡಿಎನ್‌ಎಯ ಮೂರಕ್ಷರ 200ಕ್ಕಿಂತ ಹೆಚ್ಚು ಸಲ ಮರುಕಳಿಸಿದರೆ ಆ ಜೀನ್ ಮುಚ್ಚಿಹೋಗುತ್ತದೆ. ಎಫ್‌ಎಂಆರ್‌ಪಿ ಎಂಬ ಪ್ರೋಟೀನ್ ತಯಾರಾಗುವುದಿಲ್ಲ. ನರಕೋಶಗಳು ಕೂಡುವ ಜಾಗಕ್ಕೆ, ಅಂದರೆ ಸಿನಾಪ್ಸ್‌ಗೆ, ಇದರಿಂದ ಏನಾಗುತ್ತದೆ? ಪಿಎಚ್.ಡಿ. ಮಾಡುವಾಗ ನಾನು ಅಳೆಯುತ್ತಿದ್ದದ್ದು ಅದನ್ನೇ. ಈ ಜೀನ್ ತೆಗೆದ ಇಲಿಗಳು ನಮ್ಮ ಲ್ಯಾಬ್‌ನಲ್ಲಿದ್ದವು.

ಈ ಕೆಲಸದಲ್ಲಿ ಮುಕ್ಕಾಲು ಪಾಲು ಮೆದುಳಿನಿಂದ ಕತ್ತರಿಸಿದ ತೆಳು ಪದರವನ್ನು, ಅಂದರೆ ಸ್ಲೈಸನ್ನು, ಜೀವಂತ ಇಡುವುದೇ. ಮೆದುಳನ್ನು ಮಂಜಿನಷ್ಟು ತಣ್ಣಗಿರುವ ಉಪ್ಪಿನ ದ್ರಾವಣದಲ್ಲಿಟ್ಟು, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗವನ್ನು 0.4 ಮಿಲಿಮೀಟರ್ ದಪ್ಪಕ್ಕೆ ಕತ್ತರಿಸುತ್ತಿದ್ದೆ. ದ್ರಾವಣದಲ್ಲಿ ಶೇ. 95 ಆಮ್ಲಜನಕ, ಶೇ. 5 ಇಂಗಾಲದ ಡೈಆಕ್ಸೈಡ್ ಸದಾ ಗುಳ್ಳೆಯೇಳುತ್ತಿರಬೇಕು. ಕತ್ತರಿಸಿದ ಮೇಲೆ ಸ್ಲೈಸ್ ಚೇತರಿಸಿಕೊಳ್ಳಲು ಒಂದು ತಾಸಾದರೂ ಬೇಕು. ಅಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ದಂಡ.

ಆಮೇಲೆ ಹಿಪೊಕ್ಯಾಂಪಸ್‌ನ ಸಿಎ3 ಭಾಗದಿಂದ ಬರುವ ನರತಂತುಗಳಿಗೆ ಸಣ್ಣ ಕರೆಂಟ್ ಕೊಟ್ಟು, ಸಿಎ1 ಭಾಗದಲ್ಲಿ ಗಾಜಿನ ಎಲೆಕ್ಟ್ರೋಡ್ ಇಳಿಸಿ ಉತ್ತರ ಎಷ್ಟು ಬರುತ್ತದೆ ನೋಡುವುದು. ಇಪ್ಪತ್ತು ನಿಮಿಷ ಉತ್ತರ ಸ್ಥಿರವಾಗಿದ್ದರೆ ಮಾತ್ರ ಐದು ನಿಮಿಷ ಡಿಎಚ್‌ಪಿಜಿ ಎಂಬ ರಾಸಾಯನಿಕ ಹರಿಸುತ್ತಿದ್ದೆ. ಅದು ಎಂಗ್ಲುಆರ್5 ಎಂಬ ಗ್ರಾಹಕವನ್ನು, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಅನ್ನು ಹಿಡಿಯುವ ಪ್ರೋಟೀನನ್ನು, ಎಬ್ಬಿಸುತ್ತದೆ. ಆಗ ಸಿನಾಪ್ಸ್ ಬಲ ಕಳೆದುಕೊಳ್ಳುತ್ತದೆ. ಸಾಮಾನ್ಯ ಇಲಿಯಲ್ಲಿ ಸ್ವಲ್ಪ, ಜೀನ್ ತೆಗೆದ ಇಲಿಯಲ್ಲಿ ಇನ್ನೂ ಜಾಸ್ತಿ. ನರವಿಜ್ಞಾನಿಗಳಾದ ಕಿಂಬರ್ಲಿ ಹ್ಯೂಬರ್, ಮಾರ್ಕ್ ಬೇರ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಇದನ್ನು ಮೊದಲು ತೋರಿಸಿದರು. ಸಿನಾಪ್ಸ್ ಹೀಗೆ ಸೊರಗಲು ಅದರ ಹತ್ತಿರ ತಯಾರಾಗುವ ಪ್ರೋಟೀನ್‌ಗಳು ಕಾರಣ; ಎಫ್‌ಎಂಆರ್‌ಪಿ ಆ ತಯಾರಿಕೆಗೆ ಬ್ರೇಕ್ ಇದ್ದ ಹಾಗೆ. ಬ್ರೇಕ್ ಇಲ್ಲದೆ ಸಿನಾಪ್ಸ್ ಸುಲಭವಾಗಿ ಸೊರಗುತ್ತದೆ.

ಯಾವ ಇಲಿ ಯಾವುದು ಅಂತ ನನಗೆ ಗೊತ್ತಿರುತ್ತಿರಲಿಲ್ಲ. ನಂಬರ್ ಮಾತ್ರ ನನ್ನ ಕೈಲಿ, ಪಟ್ಟಿ ಸಹೋದ್ಯೋಗಿಯ ಕೈಲಿ. ಇದರಲ್ಲಿ ರಾಜಿಯೇ ಕೂಡದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಅಲ್ವಾ?

ಎಂಗ್ಲುಆರ್5 ತಡೆದರೆ ಇಲಿಗಳಲ್ಲಿ ಹಲವು ಲಕ್ಷಣ ಕಡಿಮೆಯಾದವು. ಎಷ್ಟೋ ಮನೆಯವರು ಆಸೆಯಿಂದ ಕಾದರು. ಆದರೆ ಅದನ್ನು ತಡೆಯುವ ಮಾವೊಗ್ಲುರಾಂಟ್ ಮದ್ದು ರೋಗಿಗಳಲ್ಲಿ ಫಲ ಕೊಡದೆ 2014ರಲ್ಲಿ ಫ್ರಜೈಲ್ ಎಕ್ಸ್‌ಗಾಗಿ ಅದರ ಅಭಿವೃದ್ಧಿ ನಿಂತಿತು. ನನಗೆ ಅದು ತುಂಬಾ ನೋವು ಕೊಟ್ಟ ಸುದ್ದಿ.

ಆದರೂ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಬೆಂಗಳೂರಿನಲ್ಲೇ ನಡೆದ ಕೆಲಸ. ಅಲ್ಲಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ 2010ರಲ್ಲಿ ಇಂಥದೇ ಇಲಿಗಳ ಅಮಿಗ್ಡಲಾ ನೋಡಿತು. ಅದು ಭಯ, ಆತಂಕದ ಭಾಗ. ಅಲ್ಲಿ ಸಿನಾಪ್ಸ್ ಅತಿಯಾಗಿ ಸೊರಗುವುದಲ್ಲ, ಬಲಗೊಳ್ಳುವುದೇ ಕುಂಠಿತವಾಗಿತ್ತು. ಇಲ್ಲದ ಪ್ರೋಟೀನ್ ಒಂದೇ, ಮೆದುಳಿನ ಎರಡು ಕಡೆ ಎರಡು ಬಗೆಯ ತೊಂದರೆ. ಹಾಗಾಗಿ ಈಗ ಲ್ಯಾಬ್‌ಗೆ ಹೊಸದಾಗಿ ಬಂದವರಿಗೆ ಹಿಪೊಕ್ಯಾಂಪಸ್ ಸ್ಲೈಸ್ ಕಲಿಸಿದ ಮೇಲೆ ಅಮಿಗ್ಡಲಾ ಸ್ಲೈಸನ್ನೂ ಕಲಿಸುತ್ತೇನೆ. ಎರಡನ್ನೂ ಅಳೆಯದೆ ಯಾವ ಮದ್ದಿನ ಬಗ್ಗೆಯೂ ಬರೆಯಬೇಡಿ ಎನ್ನುತ್ತೇನೆ.